ಹನ್ನೊಂದು ಹೋಳಿಗೆ, ಹನ್ನೊಂದು ಗೋಲು

2003ರಲ್ಲಿ ನಾನು ಶಿರಸಿಯ ಒಂದು ದಿನಪತ್ರಿಕೆಯಲ್ಲಿ ಮುಖ್ಯ ಉಪಸಂಪಾದಕನಾಗಿದ್ದೆ. ಊರಿನ ಹೆಸರು ಹೇಳಿದ್ದೇನೆ, ಪತ್ರಿಕೆಯ ಹೆಸರು ಹೇಳುವುದಿಲ್ಲ. ನೆನೆದರೆ ಇವತ್ತಿಗೂ ನನ್ನ ಬಿಪಿ ಏರುತ್ತದೆ.

ತಾಲೂಕುಗಳ ಸುದ್ದಿ ಆಗ ನಮಗೆ ಬಸ್ಸಿನಲ್ಲಿ ಬರುತ್ತಿತ್ತು. ಯಲ್ಲಾಪುರ, ಸಿದ್ದಾಪುರದ ವರದಿಗಾರರು ಬರೆದದ್ದನ್ನು ಕವರಿಗೆ ಹಾಕಿ ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ನಮ್ಮವರು ಬಸ್ ನಿಲ್ದಾಣಕ್ಕೆ ಹೋಗಿ ತರುತ್ತಿದ್ದರು. ಕವರಿನಲ್ಲಿ ಬಂದದ್ದೆಲ್ಲ ಸುದ್ದಿ ಎಂಬುದು ನಮ್ಮ ಡೆಸ್ಕಿನ ವೇದವಾಕ್ಯ.

ಸಿದ್ದಾಪುರದ ಕಾಲೇಜಿನಲ್ಲಿ ಉಪನ್ಯಾಸಕನಾಗಿದ್ದ ಶ್ರೀಪಾದ ನನ್ನ ಗೆಳೆಯ. ಫುಟ್‌ಬಾಲ್ ಹುಚ್ಚ. ತೊಂಬತ್ತರ ದಶಕದಲ್ಲಿ ಅವನು ಪ್ರತಿ ಪಂದ್ಯದ ಮರುದಿನ ಒಂದು ತಮಾಷೆಯ ವರದಿ ಬರೆದು ಮೈದಾನದ ಹತ್ತಿರದ ಚಹಾ ಅಂಗಡಿಯ ಬಾಗಿಲಿಗೆ ಅಂಟಿಸುತ್ತಿದ್ದ. ಸೋತವರೂ ಬಂದು ಓದಿ ನಗುತ್ತಿದ್ದರು. ಶಿರಸಿಗೆ ಸೈಬರ್ ಸೆಂಟರ್ ಬಂದ ಮೇಲೆ ಅದೇ ವರದಿಗಳು ವೆಬ್‌ಸೈಟ್ ಆದವು. ಪ್ರತಿ ವರದಿಯ ಕೊನೆಯಲ್ಲೂ ತಪ್ಪದೆ ಒಂದು ಸಾಲು: “ಪಂದ್ಯ ನಡೆದದ್ದು ಹೌದು, ಉಳಿದದ್ದೆಲ್ಲ ಶುದ್ಧ ಸುಳ್ಳು.”

ನಮ್ಮ ಯಲ್ಲಾಪುರದ ವರದಿಗಾರನಿಗೆ ಆ ಸೈಟ್ ಎಂದರೆ ಪ್ರಾಣ. ಪ್ರಿಂಟ್ ತೆಗೆಸಿ, ನಾವೂ ನಗಲಿ ಎಂದು ಸುದ್ದಿಯ ಕವರಿಗೇ ತುರುಕುತ್ತಿದ್ದ. ಒಂದು ದಿನ ನಾನು ವಾರದ ರಜೆಯಲ್ಲಿದ್ದೆ. ಡೆಸ್ಕಿನಲ್ಲಿ ಹೊಸಬನೊಬ್ಬ ಕೂತಿದ್ದ. ಕವರಿನಿಂದ ಶ್ರೀಪಾದನ ಹಾಳೆ ಹೊರಬಿತ್ತು: ಮಂಚಿಕೇರಿಯ ಗೋಲ್ ಕೀಪರ್ ಮಂಜುನಾಥ ಎದುರಾಳಿಗಳು ಕೊಟ್ಟ ಹನ್ನೊಂದು ಹೋಳಿಗೆ ತಿಂದು, ಹೋಳಿಗೆಗೆ ಒಂದರಂತೆ ಹನ್ನೊಂದು ಗೋಲು ಬಿಟ್ಟ, ರೆಫರಿ ತುಪ್ಪ ಸಾಲದೆಂದು ಸೀಟಿ ಊದಿದ. ಹೊಸಬ ಹೋಳಿಗೆಯನ್ನು ‘ಆಮಿಷ’ ಎಂದು ತಿದ್ದಿದ. ಪುಟದಲ್ಲಿ ಜಾಗ ಸಾಲಲಿಲ್ಲ. ಜಾಗ ಸಾಲದಿದ್ದರೆ ಸುದ್ದಿಯನ್ನು ಕೆಳಗಿನಿಂದ ಕತ್ತರಿಸುವುದು ನಮ್ಮ ಕಸುಬಿನ ನಿಯಮ, ಮುಖ್ಯವಾದದ್ದು ಮೇಲೇ ಇರುತ್ತದೆ ಎಂಬ ನಂಬಿಕೆಯಿಂದ. ರೆಫರಿ ಹೋದ, ತುಪ್ಪ ಹೋಯಿತು, ಕೊನೆಯ ಸಾಲೂ ಹೋಯಿತು. “ಆಮಿಷಕ್ಕೆ ಹನ್ನೊಂದು ಗೋಲು ಬಿಟ್ಟ ಗೋಲ್ ಕೀಪರ್” ಎಂದು ಮೊದಲ ಪುಟದಲ್ಲಿ ಅಚ್ಚಾಯಿತು.

ಮರುದಿನ ನಾನು ಆಫೀಸಿಗೆ ಹೋದಾಗ ಮಂಜುನಾಥ ಬಾಗಿಲಲ್ಲೇ ನಿಂತಿದ್ದ. ಕೃಷಿಕರ ಮನೆಯ ಹುಡುಗ, ಕ್ರೀಡಾ ಕೋಟಾದಲ್ಲಿ ಒಂದು ಸರ್ಕಾರಿ ಕೆಲಸಕ್ಕೆ ಸಂದರ್ಶನದವರೆಗೆ ಬಂದಿದ್ದ. ಸೋಮವಾರ ಧಾರವಾಡದಲ್ಲಿ ಸಂದರ್ಶನ. ಆಗಲೇ ಯಾರೋ ಪುಣ್ಯಾತ್ಮರು ನಮ್ಮ ಸುದ್ದಿಯನ್ನು ಅಲ್ಲಿಗೆ ಮುಟ್ಟಿಸಿದ್ದರು.

“ಸಾರ್, ಆ ಮ್ಯಾಚಲ್ಲಿ ಒಂದೂ ಗೋಲ್ ಆಗ್ಲಿಲ್ಲ. ಹನ್ನೊಂದು ಎಲ್ಲಿಂದ ಬಂತು?” ಎಂದ.

ಹಳೆಯ ಸಂಚಿಕೆ ತೆಗೆಸಿದೆ. ಸೊನ್ನೆ-ಸೊನ್ನೆ ಡ್ರಾ, ಮಂಜುನಾಥನ ಅಮೋಘ ರಕ್ಷಣೆ ಎಂದು ನಮ್ಮದೇ ಕ್ರೀಡಾಪುಟ ವಾರದ ಹಿಂದೆ ಬರೆದಿತ್ತು. ನಮ್ಮ ಪತ್ರಿಕೆಯನ್ನು ನಾವೇ ಓದುತ್ತಿರಲಿಲ್ಲ! ಮೈಯೆಲ್ಲ ಉರಿದುಹೋಯಿತು. ಎರಡೂ ಸಂಚಿಕೆಗಳನ್ನು ಸಂಪಾದಕರ ಮೇಜಿನ ಮೇಲೆ ಕುಕ್ಕಿ, ಮೊದಲ ಪುಟದಲ್ಲೇ ತಿದ್ದುಪಡಿ ಬರಬೇಕೆಂದೆ.

ಸಂಪಾದಕರು ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. “ತಿದ್ದುಪಡಿ ಹಾಕಿರೆ ಪತ್ರಿಕೆ ಮರ್ಯಾದೆ ಎಂತ ಆಗ್ತು? ನಾಲ್ಕು ದಿನ ಹೋದ್ರೆ ಜನ ಮರೆತ್ಬಿಡ್ತ. ಬೇಕಾದ್ರೆ ಆ ವೆಬ್‌ಸೈಟಿನವನ ಮೇಲೆ ಕೇಸ್ ಹಾಕನ.”

ತಪ್ಪು ನಮ್ಮದು, ಕೇಸು ಅವನ ಮೇಲೆ! “ಮಂಜುನಾಥನ ಸಂದರ್ಶನ ನಾಲ್ಕು ದಿನ ಕಾಯ್ತಿಲ್ಲೆ,” ಎಂದೆ. “ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಹೇಳಿ ಅಡಿಕೆ ಊರಲ್ಲಿ ಕೂತು ನಿಮಗೆ ಆನು ಹೇಳವಾ?”

ಶ್ರೀಪಾದ ಫೋನಿನಲ್ಲಿ ಅಳುವುದೊಂದು ಬಾಕಿ. “ಎಂತದಾ ಮಾರಾಯ! ಸುಳ್ಳು ಹೇಳಿ ಕೊನೇ ಸಾಲಲ್ಲೇ ಇದ್ದಲಾ!” ಎಂದ. ಎಲ್ಲ ಸುಳ್ಳು ಎಂಬ ಆ ಸಾಲು ಇತ್ತು, ನಾವು ಕೊಯ್ದು ಬಿಸಾಡಿದ್ದೆವು.

ಅಂದು ಸಂಜೆ ಮೊದಲ ಪುಟಕ್ಕೆ ನಾನು ಸಹಿ ಹಾಕಲಿಲ್ಲ. ನಾನು ಕೆಲಸದಲ್ಲಿದ್ದ ದಿನ ನನ್ನ ಸಹಿಯಿಲ್ಲದೆ ಪುಟ ಅಚ್ಚಿಗೆ ಹೋಗುವಂತಿರಲಿಲ್ಲ. ಮುದ್ರಣದವರು ಕಾದರು, ಸಂಪಾದಕರು ಕೂಗಾಡಿದರು, ಕೆಲಸದಿಂದ ತೆಗೆಯುತ್ತೇನೆಂದರು. ತೆಗೆಯಿರಿ, ಆ ಸುದ್ದಿಯನ್ನೂ ಮೊದಲ ಪುಟದಲ್ಲೇ ಹಾಕಿ ಎಂದೆ. ಕೊನೆಗೆ ಬೈದುಕೊಂಡೇ ಒಪ್ಪಿದರು. ಸುಳ್ಳು ಬಂದ ಜಾಗದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ತಿದ್ದುಪಡಿ ಬಂತು.

ಸೋಮವಾರ ನಾನೂ ಮಂಜುನಾಥನ ಜೊತೆ ಧಾರವಾಡದ ಬಸ್ ಹತ್ತಿದೆ. ಸುಳ್ಳನ್ನು ಅಲ್ಲಿಗೆ ಒಯ್ಯಲು ಜನ ತಾವಾಗಿಯೇ ಸಿಕ್ಕಿದ್ದರು, ತಿದ್ದುಪಡಿ ಒಯ್ಯಲು ಒಬ್ಬರೂ ಸಿಗಲಿಲ್ಲ. ಅಧಿಕಾರಿ ಸಂಚಿಕೆಗಳನ್ನು ತಿರುವಿ ನೋಡಿ ಕೇಳಿದರು: “ಎಲ್ಲಾ ನಿಮ್ಮದೇ ಪೇಪರ್ ಅದಾವಲ್ರೀ. ಯಾವ್ದು ನಂಬೂದ್ರೀ?” ತಲೆ ತಗ್ಗಿಸಿ ಸೊನ್ನೆ-ಸೊನ್ನೆಯ ವರದಿ ತೋರಿಸಿದೆ. ಮಂಜುನಾಥನಿಗೆ ಕೆಲಸ ಸಿಕ್ಕಿತು.

ಕೊನೆಯವರೆಗೆ ಓದದೆ ಕೊನೆಯಿಂದ ಕತ್ತರಿಸಬೇಡ: ಪತ್ರಿಕೆಯ ಕೆಲಸ ನನಗೆ ಕಲಿಸಿದ್ದು ಇಷ್ಟೆ. ಮುಂದೆ ಡೆಸ್ಕಿಗೆ ಬಂದ ಪ್ರತಿಯೊಬ್ಬನಿಗೂ ಇದನ್ನು ಗದರಿಸಿಯೇ ಹೇಳಿದ್ದೇನೆ.

ಕೆಲವು ವರ್ಷಗಳ ಮೇಲೆ ಶಿರಸಿ ಬಸ್ ನಿಲ್ದಾಣದಲ್ಲಿ ಮಂಜುನಾಥ ಸಿಕ್ಕ. ಮಾತಾಡುತ್ತಿರುವಾಗಲೇ ಹಿಂದಿನಿಂದ ಯಾರೋ ಕೂಗಿದರು: “ಓಯ್, ಹನ್ನೊಂದು ಮಂಜಾ!”

ಅವನು ಕೈಯೆತ್ತಿ ನಕ್ಕ. “ಬಿಡಿ ಸಾರ್, ಕೆಲ್ಸ ಸಿಕ್ತಲ್ಲ.”

ಅವನು ಬಿಟ್ಟಿದ್ದಾನೆ. ನಾನು ಬಿಟ್ಟಿಲ್ಲ.