ಮೂರು ಹೆಣ್ಣುಮಕ್ಕಳ ಕ್ರೆಡಿಟ್

ಮೊಮ್ಮಗಳು ಕಾಡಿನಿಂದ ಬಂದಾಗಲೆಲ್ಲ ನಮ್ಮ ಫ್ರೀಜರಿನಲ್ಲಿ ಐಸ್ ಕ್ರೀಮಿಗೆ ಜಾಗವಿರುವುದಿಲ್ಲ. ಮೈಸೂರಿನಾಚೆಯಿಂದ ಬಸ್ಸಿನಲ್ಲಿ ಬಂದು, ನಾಯಂಡಹಳ್ಳಿಯಲ್ಲಿ ಇಳಿದು, ಆಟೋ ಹಿಡಿದು ಚಂದ್ರಾ ಲೇಔಟಿನ ನಮ್ಮ ಮನೆಗೆ ಬರುವ ಅವಳ ಕೈಯಲ್ಲಿ ಒಂದು ಥರ್ಮೋಕೋಲ್ ಡಬ್ಬಿ. ಅದರೊಳಗೆ ಪುಟ್ಟ ಪುಟ್ಟ ಕವರುಗಳಲ್ಲಿ ಜಿಂಕೆಯ ಹಿಕ್ಕೆ. ಅವಳ ರಿಸರ್ಚೇ ಅದರ ಮೇಲೆ; ಸೋಮವಾರ ಲ್ಯಾಬ್ ತೆರೆಯುವವರೆಗೆ ಅದು ನನ್ನ ತೆಂಗಿನತುರಿಯ ಪಕ್ಕದಲ್ಲೇ ಇರಬೇಕು. ಐ ಡೋಂಟ್ ಮೈಂಡ್. ಜಿಂಕೆಯೂ ನಮ್ಮ ಹಾಗೆ ಪ್ಯೂರ್ ವೆಜಿಟೇರಿಯನ್.

ಕಳೆದ ಸಲ ಬಂದಾಗ, ಇದರಲ್ಲಿ ಏನು ಹುಡುಕುತ್ತೀಯ ಎಂದು ನಮ್ಮ ಯಜಮಾನರು ಕೇಳಿದರು. ತಾಯಿ ಜಿಂಕೆಯ ಹಾರ್ಮೋನುಗಳ ಗುರುತು ಹಿಕ್ಕೆಯಲ್ಲಿ ಉಳಿದಿರುತ್ತದಂತೆ. ಬಸಿರಾಗುವ ಹೊತ್ತಿಗೆ ಅದು ನೆಮ್ಮದಿಯಾಗಿ ಮೇಯ್ದುಕೊಂಡಿತ್ತೋ, ಹೆದರಿ ಸೊರಗಿತ್ತೋ ಎಂದು ಅದರಿಂದ ತಿಳಿಯಬಹುದಂತೆ. ಅದಕ್ಕೂ, ಹುಟ್ಟುವ ಮರಿ ಗಂಡೋ ಹೆಣ್ಣೋ ಆಗುವುದಕ್ಕೂ ಸಂಬಂಧವಿದೆಯೇ ಎಂಬುದೇ ಅವಳ ಪ್ರಶ್ನೆ.

"ಅಂದ್ರೆ, ಅದು ತಾಯಿ ಕೈಲಿದೆಯಾ?" ಎಂದು ಇವರು ಕಾಫಿ ಲೋಟ ಕೆಳಗಿಟ್ಟರು.

ಇವರ ಗಾಬರಿಗೆ ಕಾರಣ ನನಗೆ ಗೊತ್ತು. ನಮಗೆ ಮೂವರೂ ಹೆಣ್ಣುಮಕ್ಕಳು. ಆಗ ವಿಜಯನಗರದಲ್ಲಿ ಅತ್ತೆಯ ಜೊತೆ ಇದ್ದೆವು. ಮೊದಲನೆಯವಳು ಹುಟ್ಟಿದಾಗ ಅತ್ತೆ ಮುಖ ಊದಿಸಿಕೊಂಡರು. ಎರಡನೆಯವಳು ಹುಟ್ಟಿದಾಗ, ಇವಳ ತವರಿನ ವಂಶವೇ ಹಾಗೆ ಎಂದು ಬಂದವರಿಗೆಲ್ಲ ಹೇಳತೊಡಗಿದರು. ನಾನೋ ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಬಯಾಲಜಿ ಸಿಸ್ಟರ್ ಬೋರ್ಡಿನ ಮೇಲೆ ಎಕ್ಸ್, ವೈ ಬರೆದು, ಮಗು ಗಂಡೋ ಹೆಣ್ಣೋ ಎಂಬುದು ತಂದೆಯಿಂದ ಎಂದು ಒಂದೇ ಉಸಿರಿಗೆ ಹೇಳಿ, ಕೆಂಪಗಾಗಿ, ತಕ್ಷಣ ಡಸ್ಟರಿನಿಂದ ಒರೆಸಿಬಿಟ್ಟಿದ್ದರು. ಒರೆಸಿದರೂ ನನಗೆ ನೆನಪಿತ್ತು. ಅದನ್ನು ಇವರಿಗೆ ಹೇಳಿದೆ. ಆ ಎರಡನೆಯ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ, ನೆಂಟರೆಲ್ಲ ಕೂತಿದ್ದಾಗ, ತಾಯಿಯೆದುರು ಎಂದೂ ಬಾಯಿ ತೆರೆಯದ ಈ ಮನುಷ್ಯ ಎದ್ದು ನಿಂತು ಹೇಳಿದರು: "ಅಮ್ಮ, ಇವಳನ್ನ ಏನೂ ಅನ್ಬೇಡ. ಹೆಣ್ಣಾಗಿದ್ದು ನನ್ನಿಂದ."

ಅಂದು ಹೊತ್ತುಕೊಂಡ ದೂರು ಬರಬರುತ್ತ ಇವರ ಹೆಮ್ಮೆಯಾಯಿತು. ಯಾವ ಮಗಳು ಏನು ಗೆದ್ದು ಬಂದರೂ ಕ್ರೆಡಿಟ್ ತಮ್ಮದೇ, ಸೈನ್ಸೇ ಹಾಗೆ ಹೇಳುತ್ತದೆ ಎನ್ನುವರು. ಈಗ ಯಾವುದೋ ಜಿಂಕೆ ಬಂದು ಅದನ್ನು ಕಿತ್ತುಕೊಳ್ಳುವಂತಿತ್ತು.

ಎಕ್ಸ್, ವೈ ಸುಳ್ಳಲ್ಲ ತಾತ ಎಂದು ಮೊಮ್ಮಗಳು ಸಮಾಧಾನ ಮಾಡಿದಳು. ಕಾಡಿನ ಪ್ರಾಣಿಗಳಲ್ಲಿ ತಾಯಿ ಸೊರಗಿದ್ದರೆ ಅದರ ಮೈಯೂ ತಕ್ಕಡಿಯನ್ನು ಹೆಣ್ಣಿನ ಕಡೆಗೆ ಒಂದಿಷ್ಟು ವಾಲಿಸಬಹುದೇನೋ. ಕೆಲವರಿಗೆ ಹಾಗೆ ಕಂಡಿದೆಯಂತೆ, ಕೆಲವರಿಗೆ ಏನೂ ಕಂಡಿಲ್ಲವಂತೆ. ಮನುಷ್ಯರ ವಿಷಯ ಮಾತ್ರ ನನ್ನನ್ನು ಕೇಳಬೇಡಿ ಎಂದಳು.

ಇವರು ಉಳಿದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದರು. ಕ್ರೆಡಿಟ್ ಹೋದ ಬೇಸರವಿರಬೇಕು ಅಂದುಕೊಂಡೆ. ಆದರೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಆಗ ಆ ಮನೇಲಿ ನಿಂಗೆ ತುಂಬಾ ಕಷ್ಟ ಆಗಿತ್ತೇನೇ?"

ಇಷ್ಟು ವರ್ಷಗಳಲ್ಲಿ ಇದನ್ನು ಕೇಳಿದವರಲ್ಲ. ನಾಟ್ ಅಟ್ ಆಲ್ ಎಂದು ತೇಲಿಸಿಬಿಡಲು ಹೊರಟವಳು, ಇವರ ಮುಖ ನೋಡಿ ನಿಜವನ್ನೇ ಹೇಳಿದೆ.

"ಆಗಿತ್ತು. ಆವತ್ತು ನೀವು ಅತ್ತೆ ಮುಂದೆ ಹಾಗಂದ್ರಲ್ಲ, ಆಮೇಲೆ ಇಲ್ಲ."

ಇವರು ಖಾಲಿ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕೂತರು. ಆಮೇಲೆ ಅದನ್ನು ಕೆಳಗಿಟ್ಟು, "ಹಾಗಾದ್ರೆ ಮೂರನೆಯವಳು ಪೂರ್ತಿ ನನ್ನವಳು. ದೊಡ್ಡವರಿಬ್ಬರನ್ನ ನೀನೇ ಇಟ್ಕೋ" ಎಂದರು.

ಮೊಮ್ಮಗಳು ನಮ್ಮ ದೊಡ್ಡವಳ ಮಗಳು. "ಹಾಗಿದ್ರೆ ನಾನು ಅಜ್ಜಿ ಪಾರ್ಟಿ" ಎನ್ನುತ್ತ ಎದ್ದು ಬಂದು ನನ್ನ ಪಕ್ಕ ಕೂತಳು.