ಕತ್ತರಿ ಮಾವನ ಹಿತ್ತಲಿನ ಅಂಚು

ದಾರದ ತುದಿಯೊಂದು ಎಲ್ಲಿಯಾದರೂ ಹೊರಗೆ ಇಣುಕಿದರೆ ಕತ್ತರಿ ಮಾವನಿಗೆ ಅನ್ನ ಇಳಿಯುವುದಿಲ್ಲ. ಬಸ್ಸಿಗೆ ಕಾದು ನಿಂತಾಗ ಮುಂದಿನವರ ಕಾಲರಿನಿಂದ ಎಳೆಯೊಂದು ನೇತಾಡುವುದು ಕಂಡರೆ ಜೇಬಿನ ಪುಟ್ಟ ಕತ್ತರಿ ತಾನಾಗಿ ಹೊರಬರುತ್ತದೆ. ಕಚ್ ಎಂಬ ಸದ್ದಿಗೆ ಬೆಚ್ಚಿ ತಿರುಗಿದವರಿಗೆ, "ಏನಿಲ್ಲ, ಈಗ ಸರಿಹೋಯ್ತು" ಎಂದು ವೈದ್ಯರಂತೆ ಸಮಾಧಾನ ಹೇಳುತ್ತಾರೆ. ಜೀವಮಾನವಿಡೀ ಬಟ್ಟೆ ಹೊಲಿದ ಕೈ ಅದು. ಅಂಗಡಿಯನ್ನು ಮಗಳಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕುಳಿತ ಮೇಲೆ ಆ ಕೈಗೆ ಸಿಕ್ಕಿದ್ದು ಹಿತ್ತಲು.

"ಇಷ್ಟು ದಿನ ಗಿರಾಕಿಗಳು ಅನುಭವಿಸಿದ್ರು, ಈಗ ನನ್ನ ಸರದಿ" ಎನ್ನುತ್ತಾರೆ ಅವರ ಹೆಂಡತಿ. ಬೀದಿಗೆಲ್ಲ ಅವರು ಅತ್ತೆ.

ಕೆರೆದಂಡೆಯ ಈ ಬೀದಿಯಲ್ಲಿ ಮನೆಗಳ ಮುಖ ರಸ್ತೆಗೆ, ಬೆನ್ನು ನೀರಿಗೆ. ಅಡುಗೆಮನೆಯ ಬಾಗಿಲು ತೆರೆದರೆ ಹಿತ್ತಲು, ಹಿತ್ತಲು ಮುಗಿದಲ್ಲಿ ಕೆರೆ. ಮಾವನ ಹಿತ್ತಲಿನಲ್ಲಿ ಪೊರಕೆಯ ಗೆರೆಗಳೆಲ್ಲ ಒಂದೇ ದಿಕ್ಕಿಗೆ ಓಡುತ್ತವೆ. ಬಟ್ಟೆ ಕ್ಲಿಪ್ಪುಗಳು ಬಣ್ಣಕ್ಕೆ ತಕ್ಕಂತೆ ಬೇರೆ ಬೇರೆ ಡಬ್ಬಿಗಳಲ್ಲಿರುತ್ತವೆ. ಬಚ್ಚಲಿನ ಮೋರಿ ಊಟದ ತಟ್ಟೆಯಷ್ಟು ಚೊಕ್ಕಟ. ಅವರ ಆಳ್ವಿಕೆಗೆ ಒಳಪಡದೆ ಉಳಿದಿದ್ದು ಒಂದೇ: ನಿಂಬೆ ಮರ. ಅತ್ತೆ ನೆಟ್ಟು ಬೆಳೆಸಿದ ಮರ. ಅದರ ಬುಡದ ಚಪ್ಪಡಿಕಲ್ಲಿನ ಮೇಲೆ ಕುಳಿತೇ ಅವರು ಸೊಪ್ಪು ಬಿಡಿಸುವುದು, ಬೇಲಿಯಾಚೆಗೆ ಹಣ್ಣು ದಾಟಿಸುವುದು, ಬದಲಿಗೆ ಬೀದಿಯ ಸುದ್ದಿ ಪಡೆಯುವುದು. ಮರವನ್ನು ಚೆಂಡಿನಂತೆ ದುಂಡಗೆ ಕತ್ತರಿಸುವ ಯೋಚನೆಯನ್ನು ಮಾವ ಒಮ್ಮೆ ಮುಂದಿಟ್ಟಿದ್ದರು.

"ನನ್ನ ಮರಕ್ಕೆ ಕತ್ತರಿ ಮುಟ್ಟಿಸಿ ನೋಡಿ, ನಿಮ್ಮ ಮೀಸೆಗೆ ನಾನು ಮುಟ್ಟಿಸ್ತೀನಿ" ಎಂದು ಅತ್ತೆ ಮಾತು ಮುಗಿಸಿದ್ದರು.

ಮರ ದಕ್ಕದಿದ್ದಾಗ ಮಾವನ ಕಣ್ಣು ನೀರಿನಂಚಿನ ಜೊಂಡುಹುಲ್ಲಿನ ಮೇಲೆ ಬಿತ್ತು. ಆಳೆತ್ತರ ಬೆಳೆದು, ಅಡ್ಡಾದಿಡ್ಡಿ ಬಾಗಿ, ಒಣಗಿದ್ದೂ ಹಸಿಯಾದದ್ದೂ ಒಂದರೊಳಗೊಂದು ಸಿಕ್ಕಿಕೊಂಡ ಜೊಂಡು. ಮೊದಲು ಅದನ್ನು ಕೊಯ್ದರು. ಮತ್ತೆ ಚಿಗುರಿದಾಗ ಬೇರುಸಹಿತ ಅಗೆದರು. ಕೊನೆಗೆ ಬರಿಯ ಮಣ್ಣನ್ನು ಗುದ್ದಲಿಯ ಬೆನ್ನಿನಿಂದ ತಟ್ಟಿ ಇಸ್ತ್ರಿ ಹಾಕಿದಂತೆ ನುಣುಪು ಮಾಡಿದರು. ಬೀದಿಯ ಜನ ಬಂದು ನೋಡಿ ಭೇಷ್ ಎಂದರು.

ಮುಂದಿನ ಗಾಳಿಗಾಲ ಮುಗಿಯುವ ಹೊತ್ತಿಗೆ ಬಟ್ಟೆ ಒಣಹಾಕುವ ಕಂಬ ನೀರಿನೊಳಗಿತ್ತು. ಕಂಬ ನಡೆದುಹೋಗಿರಲಿಲ್ಲ, ದಡವೇ ಹಿಂದೆ ಸರಿದಿತ್ತು. ಅಲೆಯೊಂದು ಬಂದು ಮುದ್ದೆ ಮಣ್ಣು ಕಚ್ಚಿ ಒಯ್ಯುತ್ತಿತ್ತು, ಮತ್ತೊಂದು ಬಂದು ಅದರ ಪಕ್ಕದ್ದನ್ನು. ಮಾವ ಹಳೆಯ ಗೋಣಿಗಳನ್ನು ಚೀಲವಾಗಿ ಹೊಲಿದು, ಮರಳು ತುಂಬಿ, ಸಾಲಾಗಿ ಜೋಡಿಸಿದರು. ಹೊಲಿಗೆ ಒಂದೂ ಬಿಡಲಿಲ್ಲ, ಆದರೆ ಕೆಳಗಿನ ಮಣ್ಣು ಜಾರಿ ಚೀಲಗಳು ಇಡಿಯಾಗಿ ಕೆರೆಯ ಪಾಲಾದವು. ಒಂದು ಬೆಳಿಗ್ಗೆ ಚಪ್ಪಡಿಕಲ್ಲು ಒಂದು ಬದಿಗೆ ವಾಲಿತ್ತು. ನಿಂಬೆಯ ಬುಡದ ಬಳಿ ನೆಲ ಬಿರುಕುಬಿಟ್ಟಿತ್ತು.

"ಇನ್ನೊಂದು ಗಾಳಿಗಾಲ ಬಂದ್ರೆ ನನ್ನ ಮರ ಮೀನಿಗೆ ನೆರಳು ಕೊಡತ್ತೆ" ಎಂದರು ಅತ್ತೆ. ಅವರ ಮಾತಿನಲ್ಲಿ ಎಂದಿನ ಚುಚ್ಚು ಇರಲಿಲ್ಲ. ಮಾವನಿಗೆ ಅದೇ ಹೆಚ್ಚು ಚುಚ್ಚಿತು.

ಸಿಟ್ಟೆಲ್ಲ ಹರಿದದ್ದು ಪಕ್ಕದ ಮನೆಯ ದೋಣಿಯವನ ಮೇಲೆ.

"ನೀನು ದೋಣಿ ಜೋರಾಗಿ ಬಿಡ್ತೀಯಾ, ಅಲೆ ಬಂದು ನನ್ನ ದಡಕ್ಕೆ ಹೊಡೆಯತ್ತೆ!"

"ಮಾವ, ನನ್ನ ದೋಣಿಯನ್ನ ಬಾತುಕೋಳಿ ಹಿಂದೆ ಹಾಕತ್ತೆ. ಅಲೆಗೆ ನನ್ನ ಮೇಲೆ ಅಷ್ಟೊಂದು ಪ್ರೀತಿ ಇದ್ರೆ ಮೊದಲು ನನ್ನ ಹಿತ್ತಲನ್ನೇ ತಿನ್ನಬೇಕಿತ್ತಲ್ಲ?"

ಅದು ನಿಜವಾಗಿತ್ತು. ಆ ಸೋಮಾರಿಯ ಹಿತ್ತಲು ಒಂದು ಗೇಣೂ ಕರಗಿರಲಿಲ್ಲ. ಏಕೆಂಬುದು ಅವನಿಗೂ ತಿಳಿದಿರಲಿಲ್ಲ. ಮುರಿದ ಹುಟ್ಟು, ತೂತುಬಿದ್ದ ಬಕೆಟ್ಟು, ಅವುಗಳ ಹಿಂದೆ ಕಾಡಿನಂತೆ ನಿಂತ ಜೊಂಡು. ಮಾವ ಮುಖ ತಿರುಗಿಸಿ ಒಳಗೆ ಬಂದರು.

ಕೆಲವು ದಿನಗಳ ನಂತರ ಮಗಳು ಪರದೆಯ ಬಟ್ಟೆಯೊಂದನ್ನು ಹೊತ್ತು ಬಂದಳು. "ಅಪ್ಪಾ, ಅಂಚು ಸುತ್ತೋ ಓವರ್‌ಲಾಕ್ ಮೆಷಿನ್ ಕೆಟ್ಟು ಕೂತಿದೆ. ಇದರ ಅಂಚು ಕೈಯಲ್ಲೇ ಹೊಲಿದುಕೊಡ್ತೀಯಾ? ಮುಟ್ಟಿದ್ರೆ ಸಾಕು, ಎಳೆ ಎಳೆಯಾಗಿ ಬಿಚ್ಚಿಕೊಳ್ತಿದೆ."

ಮಾವ ವಾಲಿದ ಚಪ್ಪಡಿಯ ಮೇಲೆ ಕುಳಿತು ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡರು. ಹೊಲಿಗೆಯಿಲ್ಲದ ಅಂಚಿನಿಂದ ಒಂದು ಎಳೆ ಸಲೀಸಾಗಿ ಕೈಗೆ ಬಂತು. ಅದರ ಹಿಂದೆಯೇ ಇನ್ನೊಂದು ಸಡಿಲಾಯಿತು. ಎದುರಿಗೆ ಅಲೆ ಬಂದು ಮುದ್ದೆ ಮಣ್ಣು ಕಚ್ಚಿತು. ಮಾವ ಬಟ್ಟೆಯನ್ನು ನೋಡಿದರು, ದಡವನ್ನು ನೋಡಿದರು, ಬೇಲಿಯಾಚೆ ಒಂದರೊಳಗೊಂದು ಸಿಕ್ಕಿಕೊಂಡು ನಿಂತ ಜೊಂಡನ್ನು ನೋಡಿದರು. ಓವರ್‌ಲಾಕಿನ ದಾರವೂ ಹಾಗೆಯೇ ಅಲ್ಲವೇ, ಅಡ್ಡಾದಿಡ್ಡಿ ಸುತ್ತಿಕೊಂಡು ಬಟ್ಟೆಯನ್ನು ಹಿಡಿದಿಡುವುದು?

"ಏನಾಯ್ತಪ್ಪಾ?"

"ಅಂಚಿನ ಹೊಲಿಗೆ ನಾನೇ ಬಿಚ್ಚಿಬಿಟ್ಟಿದ್ದೀನಿ ಮಗಳೇ. ಸ್ವಂತ ಕೈಯಿಂದ, ಬೇರುಸಮೇತ!"

ದೋಣಿಯವನ ಬಾಗಿಲು ತಟ್ಟುವುದು ಮಾವನಿಗೆ ಸುಲಭವಾಗಿರಲಿಲ್ಲ. ಬೇಲಿಯ ತನಕ ಹೋಗಿ ಎರಡು ಸಲ ಹಿಂದಿರುಗಿದರು. ಕೊನೆಗೆ ಹೇಗೋ ಕೇಳಿದರು: "ನಿನ್ನ ಜೊಂಡು ಸ್ವಲ್ಪ ಬೇಕಿತ್ತು. ಬೇರು ಸಮೇತ."

ದೋಣಿಯವನು ಹೆಂಡತಿಯನ್ನು ಕೂಗಿ ಕರೆದ. "ಕೇಳಿಸ್ತೇನೇ? ಮದುವೆಯಾದಾಗಿನಿಂದ ಕೊಯ್ದು ಹಾಕು ಅಂತ ಬೈತಿದ್ದೆಯಲ್ಲ? ಕತ್ತರಿ ಮಾವ ಅದನ್ನೇ ಕೇಳ್ಕೊಂಡು ಬಂದಿದ್ದಾರೆ ನೋಡು!" ಆಮೇಲೆ ತಾನೇ ಗುದ್ದಲಿ ತಂದು ಹೆಂಟೆಹೆಂಟೆಯಾಗಿ ಕಿತ್ತು, ತೂತು ಬಕೆಟ್ಟಿನಲ್ಲಿ ತುಂಬಿಕೊಟ್ಟ.

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದಾಗ ಮಾವ ಮೊಣಕಾಲುದ್ದ ಕೆಸರಿನಲ್ಲಿದ್ದರು. ದಡದುದ್ದಕ್ಕೂ ದಾರ ಬಿಗಿದು, ಗೇಣು ಗೇಣಿಗೊಂದು ಬುಡದಂತೆ, ಅಳತೆ ಪಟ್ಟಿ ಹಿಡಿದು ಜೊಂಡು ನೆಡುತ್ತಿದ್ದರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. "ಗುಂಡಿಗೆ ಕಾಜಾ ಯಾವಾಗ ಮಾಡ್ತೀರಿ?"

ಜೊಂಡಿಗೆ ಸಾಲಿನ ಶಿಸ್ತು ತಿಳಿಯಲಿಲ್ಲ. ಚಿಗುರಿತು, ಹಬ್ಬಿತು, ಮನಸ್ಸು ಬಂದತ್ತ ಬಾಗಿತು. ಮಾವ ಸಂಜೆಗಳಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಅದನ್ನೇ ನೋಡುತ್ತ ಕೂರುತ್ತಿದ್ದರು. ಗಾಳಿಗಾಲ ಬಂತು. ಅಲೆಗಳು ಜೊಂಡಿನೊಳಗೆ ನುಗ್ಗಿ, ದಾರಿ ತಪ್ಪಿ, ಸುಸ್ತಾಗಿ ಮಣ್ಣು ಮುಟ್ಟಿದವು. ಗಾಳಿ ನಿಂತ ದಿನ ಮಾವ ಮರದ ಬುಡವನ್ನು ಮುಟ್ಟಿ ನೋಡಿದರು. ಬಿರುಕು ಇನ್ನಷ್ಟು ಅಗಲವಾಗಿರಲಿಲ್ಲ. ದೋಣಿಯವನೂ ಅವರೂ ಸೇರಿ ಚಪ್ಪಡಿಕಲ್ಲನ್ನು ಮಟ್ಟಸವಾಗಿ ಕೂರಿಸಿದರು. ಅತ್ತೆ ಅದರ ಮೇಲೆ ಕುಳಿತು ಇಬ್ಬರಿಗೂ ನಿಂಬೆ ಪಾನಕ ಬೆರೆಸಿಕೊಟ್ಟರು.

ನೀರಿನಂಚಿನಲ್ಲಿ ಒಂದು ಜೊಂಡು ಮಾತ್ರ ಉಳಿದವುಗಳ ಗುಂಪು ಬಿಟ್ಟು ಅಡ್ಡಡ್ಡ ನೇತಾಡುತ್ತಿತ್ತು. ಮಾವನ ಕೈ ಮೆಲ್ಲಗೆ ಜೇಬಿಗೆ ಇಳಿಯಿತು.

"ರೀ..." ಎಂದರು ಅತ್ತೆ, ತಿರುಗಿಯೂ ನೋಡದೆ.

ಕೈ ಹೊರಬಂತು. ಅದರಲ್ಲಿ ಕತ್ತರಿಯೇ ಇತ್ತು. ಮಾವ ಅತ್ತಿತ್ತ ನೋಡಿ, ದೋಣಿಯವನ ಅಂಗಿಯ ತೋಳಿನಿಂದ ನೇತಾಡುತ್ತಿದ್ದ ಎಳೆಯೊಂದನ್ನು ಕಚ್ಚೆಂದು ಕತ್ತರಿಸಿ, ಲೋಟ ಎತ್ತಿಕೊಂಡರು.