ಕೆಮ್ಮಣ್ಣಿನಲ್ಲಿಟ್ಟ ಕಾಡುಬೆಳ್ಳುಳ್ಳಿ

ಮಲೇಷ್ಯಾದ ಮೆಲಾಕಾದಲ್ಲಿ ಗುಲಾಬಿ ವಾಸವಿರುವ ಮನೆಸಾಲಿನ ಹಿಂದೆ ಕಡಿಯದೆ ಬಿಟ್ಟ ಒಂದು ತುಂಡು ಕಾಡು. ಅದರ ಅಂಚಿಗೊಂದು ಕುಲಿಮ್ ಮರ. ಎಲೆ ಹರಿದರೂ ತೊಗಟೆ ಕೆತ್ತಿದರೂ ಬೆಳ್ಳುಳ್ಳಿ ಜಜ್ಜಿದ ವಾಸನೆ. ನಿಂಬೆಗಾತ್ರದ ಅದರ ಕಾಯಿಗೆ ಅಲ್ಲಿಯವರು ಕಾಡುಬೆಳ್ಳುಳ್ಳಿ ಎಂದೇ ಹೇಳುತ್ತಾರೆ.

ಗಂಡ ಐತಪ್ಪ ತೀರಿಕೊಂಡ ಮೇಲೆ ಗುಲಾಬಿ ಉಡುಪಿ ಬಿಟ್ಟು ಮಗಳು ಚೈತನ್ಯಾಳ ಮನೆಗೆ ಬಂದು ಆರು ವರ್ಷ. ಮಗಳು ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುವವಳು. ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಆರಕ್ಕೆ ಬರುತ್ತಾಳೆ. ಮೊಮ್ಮಗಳು ವಿಸ್ಮಯಾಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಗುಲಾಬಿ ಬಾಯಿತುಂಬ ಮಾತಾಡುತ್ತಿದ್ದದ್ದು ಮಂಗಳವಾರ ಮಾತ್ರ, ಆ ಮರದ ಬುಡದಲ್ಲಿ, ಅದೇ ಸಾಲಿನಲ್ಲಿದ್ದ ಧಾರವಾಡದ ನೂರ್‌ಜಹಾನ್ ಜೊತೆ ಕಾಯಿ ಹೆಕ್ಕುವಾಗ.

ನೂರ್‌ಜಹಾನಳ ಮಗ ಕಾಶಿಫನಿಗೆ ಒಂದೂವರೆ ಗಂಟೆ ದಾರಿಯ ಸೈಬರ್‌ಜಯಾದಲ್ಲಿ ಕೆಲಸವಾಯಿತು; ತಾಯಿಯೂ ಜೊತೆಗೆ ಹೊರಟಳು. ಹೊರಡುವ ದಿನ ಆಕೆ ಹೇಳಿದಳು: “ನನ್ ಪಾಲು ತೆಗೆದಿಡು ಯಕ್ಕಾ. ಮೂರು ತಿಂಗಳಿಗೆ ಬರ್ತೀನಿ. ಇಬ್ಬರೂ ಕೂಡಿ ಮೀನಿನ ಸಾರು ಮಾಡಿ, ಇಲ್ಲೇ ಕುಂತು ಉಣ್ಣೋಣು.”

ಗುಲಾಬಿ ನಲವತ್ತು ಕಾಯಿ ಒಡೆದು ತಿರುಳು ತೆಗೆದಳು. ಎರಡು ದಿನ ನೆರಳಿನಲ್ಲಿ ಆರಿಸಿದಳು. ಮಳೆಗಾಲಕ್ಕೆಂದು ಅವಳ ಅಮ್ಮ ಹಲಸಿನ ಬೀಜ ಇಡುತ್ತಿದ್ದ ಕ್ರಮ ಅವಳ ಕೈಗೆ ಗೊತ್ತಿತ್ತು. ಕೆಮ್ಮಣ್ಣು ಜರಡಿ ಹಿಡಿದು, ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿ, ಒಂದೊಂದಕ್ಕೂ ಬಳಿದು, ಮಡಕೆಗೆ ತುಂಬಿ ಅಡುಗೆಮನೆಯ ಮೂಲೆಯಲ್ಲಿಟ್ಟಳು. ನಡುವೆ ಮಣ್ಣು ಬಿಡಿಸಿ ನೋಡಬಾರದು. ನೋಡಲಿಲ್ಲ. ಮಂಗಳವಾರ ಬಂದಾಗ ಮಡಕೆಯ ಮುಚ್ಚಳ ಒರೆಸುತ್ತಿದ್ದಳು, ಅಷ್ಟೆ.

ಮೂರು ತಿಂಗಳೆಂದವಳು ಐದಕ್ಕೆ ಬಂದಳು, ಒಂದು ಭಾನುವಾರ ಮಧ್ಯಾಹ್ನ.

“ಹುಡುಗ ಕಾರಿನಾಗ ಕುಂತಾನ. ಅರ್ಧ ತಾಸು ಅಂದಾನ.”

“ಅರ್ಧ ಗಂಟೆಯಲ್ಲಿ ಎಂತ ಸಾರು ಮಾರಾಯ್ತಿ? ಅವನನ್ನೂ ಒಳಗೆ ಕರಿ.”

“ಬರಂಗಿಲ್ಲ. ಫೋನಿನಾಗ ಮೀಟಿಂಗ್ ಅಂತ. ಭಾನುವಾರ ಎಂಥಾ ಮೀಟಿಂಗೋ, ಅಲ್ಲಾನೇ ಬಲ್ಲ.”

ಗುಲಾಬಿ ಮಡಕೆ ಬಗ್ಗಿಸಿದಳು. ಮೊದಲ ಉಂಡೆ ಬೆರಳಿಗೆ ಮೆತ್ತಗೆ ಹತ್ತಿತು. ಒಳಗೆ ಬೂಷ್ಟು. ಎರಡನೆಯದೂ ಹಾಗೆಯೇ. ಮೂರನೆಯದರಲ್ಲಿ ಬಿಳಿ ಮೊಳಕೆ.

“ನೀ ಇದನ್ನ ಇಟ್ಟಿದ್ದೋ, ನೆಟ್ಟಿದ್ದೋ?” ನೂರ್‌ಜಹಾನ್ ಬಾಯಿಗೆ ಸೆರಗು ಹಚ್ಚಿ ನಕ್ಕಳು.

ಗುಲಾಬಿಗೆ ಆಗ ಹೊಳೆಯಿತು. ಅಮ್ಮನ ಮಡಕೆ ಇರುತ್ತಿದ್ದದ್ದು ಒಲೆಯ ಮೇಲಿನ ಅಟ್ಟದಲ್ಲಿ. ದಿನವೂ ಹೊಗೆ ತಾಗಿ ಮಣ್ಣು ಕಲ್ಲಾಗುತ್ತಿತ್ತು. ಈ ಗ್ಯಾಸ್ ಒಲೆಗೆ ಹೊಗೆ ಎಲ್ಲಿಯದು? ನಲವತ್ತನ್ನೂ ಒಡೆದಳು. ಗಟ್ಟಿ ಉಳಿದದ್ದು ನಾಲ್ಕು.

“ಸಾಕು. ನಾಕು ಬೀಜದ ವಾಸನೆಗೇ ನಿನ್ನ ಮಗಳು ಮೂಗು ಮುಚ್ಚಿಕೊಳ್ತಾಳ.”

ಗುಲಾಬಿ ನಗಲಿಲ್ಲ. ನಾಲ್ಕನ್ನೂ ತೊಳೆದು, ತುರಿದು, ತೆಂಗಿನಕಾಯಿ, ಒಣಮೆಣಸು, ಹುಳಿಯ ಜೊತೆ ಅರೆದಳು. ನೂರ್‌ಜಹಾನ್ ಬಂಗುಡೆ ಕೊಯ್ದಳು. ಮಸಾಲೆ ಬಾಣಲೆಗೆ ಬಿದ್ದು ಬಿಸಿಯಾಗುವಷ್ಟರಲ್ಲಿ ಹೊರಗೆ ಹಾರ್ನ್ ಆಯಿತು.

“ಹೊಡೀಲಿ ಬಿಡು,” ಎಂದಳು ನೂರ್‌ಜಹಾನ್.

ಎರಡನೆಯ ಸಲ ಹೊಡೆದಾಗ ಅವಳೇ ಕೈ ತೊಳೆದಳು. “ಇಲ್ಲಿಯವರಂಗ ತಪಾವ್ ಕಟ್ಟಿಬಿಡು ಯಕ್ಕಾ, ಪಾರ್ಸಲ್. ಮನಿಗೆ ಹೋಗಿ ಉಣ್ತೀನಿ.”

ಕುದಿಯದ ಸಾರನ್ನು ಹೇಗೆ ಕಟ್ಟಿಕೊಡುವುದು? ಆದರೂ ಗುಲಾಬಿ ಮಸಾಲೆಯನ್ನು ಸರಿಯಾಗಿ ಎರಡು ಪಾಲು ಮಾಡಿ ಒಂದನ್ನು ಡಬ್ಬಿಗೆ ಹಾಕಿದಳು, ನಾಲ್ಕು ತುಂಡು ಮೀನನ್ನು ಬೇರೆ ಕಟ್ಟಿದಳು. “ಮೊದಲು ಮಸಾಲೆ ಎರಡು ಕುದಿ ಬರಬೇಕು. ಮತ್ತೆ ಮೀನು. ಸೌಟು ಹಾಕಬೇಡ, ಬಾಣಲೆ ಅಲ್ಲಾಡಿಸು. ಎಷ್ಟು ಗಂಟೆಗೆ ಉಣ್ತಿ?”

“ಏಳಕ್ಕ.”

“ನಾನೂ ಏಳಕ್ಕೇ ಉಣ್ತೇನೆ ಹಾಗಾದರೆ.”

ಆರೂವರೆಗೆ ಗುಲಾಬಿ ತನ್ನ ಪಾಲು ಒಲೆಗಿಟ್ಟಳು. ವಾಸನೆಗೆ ಚೈತನ್ಯಾ ಕಿಟಕಿಗಳನ್ನೆಲ್ಲ ತೆರೆದಳು. ಏಳಕ್ಕೆ ಗುಲಾಬಿ ಬಟ್ಟಲಿಗೆ ಅನ್ನ ಹಾಕಿ, ಸಾರು ಬಡಿಸಿಕೊಂಡು, ಕುದಿಯಿತೇ ಎಂದು ಕೇಳಲು ನೂರ್‌ಜಹಾನಳಿಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ದಾರಿಯಲ್ಲಿರಬಹುದು ಎಂದು ಬಟ್ಟಲು ಮುಚ್ಚಿ ಕುಳಿತಳು. ಏಳೂವರೆಗೆ ಇನ್ನೊಮ್ಮೆ ಮಾಡಿದಳು, ಆಗಲೂ ಯಾರೂ ಎತ್ತಲಿಲ್ಲ. ಆಮೇಲೆ ಮುಚ್ಚಳ ತೆಗೆದು, ಆರಿದ ಸಾರನ್ನು ಅನ್ನಕ್ಕೆ ಕಲಸಿಕೊಂಡು ಊಟ ಮಾಡಿದಳು. ಉಪ್ಪು ಸ್ವಲ್ಪ ಕಡಿಮೆಯಾಗಿತ್ತು.